ಕೆರೆಯ ದೋಣಿಗೂ ಪೇಟೆಂಟ್ ಅಡ್ಡ ಬರುತ್ತಾ?

ಪ್ರಶ್ನೆ: ಸರ್, ನಮ್ಮೂರು ಕೋಲಾರ ತಾಲ್ಲೂಕಿನ ನರಸಾಪುರದ ಹತ್ತಿರ. ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಕೆರೆ ಬತ್ತಿಲ್ಲ. ಹತ್ತು ಅಡಿಯ ಹಳೇ ಫೈಬರ್ ದೋಣಿಯೊಂದನ್ನು ಕೊಂಡಿದ್ದೇನೆ. ನನಗೆ ವೆಲ್ಡಿಂಗ್ ಬರುತ್ತೆ. ವಿಡಿಯೋ ನೋಡಿ ಎರಡು ಸಾಮಾನು ಮಾಡಿಕೊಳ್ಳಬೇಕು ಅಂತಿದ್ದೇನೆ. ಒಂದು ಮಡಚುವ ಲಂಗರು. ಇನ್ನೊಂದು ಕಾಲಲ್ಲಿ ತುಳಿಯುವ ಪೆಡಲ್. ತುಳಿದರೆ ದೋಣಿಯ ಅಡಿಯಲ್ಲಿ ಎರಡು ರೆಕ್ಕೆ ಅತ್ತಿತ್ತ ಆಡಿ ದೋಣಿ ಮುಂದೆ ಹೋಗುತ್ತೆ. ಅದು ಹೋಬಿ ಎಂಬ ಅಮೆರಿಕದ ಕಂಪನಿಯದು, ಪೇಟೆಂಟ್ ಇದೆ, ಪೊಲೀಸ್ ಕೇಸಾಗುತ್ತೆ ಅಂತ ಸ್ನೇಹಿತರು ಹೆದರಿಸುತ್ತಿದ್ದಾರೆ. ನಾನು ಮಾರೋದಿಲ್ಲ. ಸ್ವಂತಕ್ಕೆ ಮಾಡಿಕೊಂಡರೂ ತಪ್ಪಾ?
– ಓದುಗರು, ಕೋಲಾರ ತಾಲ್ಲೂಕು

ಉತ್ತರ: ಪೊಲೀಸರ ಭಯ ಬಿಡಿ. ಬೇರೆಯವರ ಪೇಟೆಂಟ್ ಇರುವ ವಸ್ತುವನ್ನು ಮಾಡಿದರೆ ನಮ್ಮಲ್ಲಿ ಅದು ಸಿವಿಲ್ ವ್ಯಾಜ್ಯ. ಪೇಟೆಂಟ್ ಇರುವವರೇ ಕೋರ್ಟಿಗೆ ಹೋಗಿ ‘ಇದನ್ನು ನಿಲ್ಲಿಸಿ’ ಅಂತಲೋ ‘ನಷ್ಟ ಕಟ್ಟಿಸಿಕೊಡಿ’ ಅಂತಲೋ ಕೇಳಬೇಕು. ಯಾರೂ ಬಂದು ನಿಮ್ಮನ್ನು ಹಿಡಿದುಕೊಂಡು ಹೋಗುವುದಿಲ್ಲ.

ಆದರೆ ‘ಸ್ವಂತಕ್ಕೆ ಮಾಡಿಕೊಂಡರೆ ತಪ್ಪೇ ಇಲ್ಲ’ ಅನ್ನುವ ಮಾತನ್ನೂ ನಂಬಿ ಕೂರಬೇಡಿ. ಇದು ಇಂಗ್ಲೆಂಡಿನಲ್ಲಿ ನಿಜ. ಅಲ್ಲಿನ 1977ರ ಕಾಯ್ದೆಯಲ್ಲಿ ವ್ಯಾಪಾರಕ್ಕಲ್ಲದ ಖಾಸಗಿ ಬಳಕೆಗೆ ವಿನಾಯಿತಿ ಇದೆ. ನಮ್ಮ 1970ರ ಪೇಟೆಂಟ್ ಕಾಯ್ದೆಯ 48ನೇ ಸೆಕ್ಷನ್ ಹಾಗಿಲ್ಲ. ಪೇಟೆಂಟ್ ಇರುವವರು ಬೇರೆಯವರನ್ನು ಮಾರದಂತೆ ಮಾತ್ರವಲ್ಲ, ತಯಾರಿಸದಂತೆ, ಬಳಸದಂತೆಯೂ ತಡೆಯಬಹುದು ಅಂತ ಅದು ಹೇಳುತ್ತದೆ. ಮನೆಬಳಕೆಗೆ ಬಿಟ್ಟಿದ್ದೇವೆ ಅನ್ನುವ ಸಾಲು ಅದರಲ್ಲಿಲ್ಲ. 47ನೇ ಸೆಕ್ಷನ್ನಿನಲ್ಲಿ ಒಂದು ಕಿಟಕಿ ಇದೆ. ಬರೀ ಪ್ರಯೋಗಕ್ಕೆ, ಸಂಶೋಧನೆಗೆ, ವಿದ್ಯಾರ್ಥಿಗಳಿಗೆ ಕಲಿಸುವುದಕ್ಕೆ ಯಾರು ಬೇಕಾದರೂ ಮಾಡಬಹುದು, ಬಳಸಬಹುದು. ನೀವು ಪೆಡಲ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಒಂದು ಮಾಡಿ ನೋಡಿದರೆ ಅದು ಈ ಕಿಟಕಿಯೊಳಗೆ ಬರುತ್ತದೆ. ಪ್ರತಿ ಭಾನುವಾರ ಅದರಲ್ಲೇ ಮೀನಿಗೆ ಹೋದರೆ ಪ್ರಯೋಗ ಅನ್ನೋದು ಕಷ್ಟ, ಅಲ್ವಾ?

ಹಾಗಂತ ಕೆಲಸ ನಿಲ್ಲಿಸಬೇಕಿಲ್ಲ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ಆ ಪೇಟೆಂಟ್ ಭಾರತದಲ್ಲಿ ಇದೆಯಾ? ಇದ್ದರೆ ಇನ್ನೂ ಜೀವಂತ ಇದೆಯಾ?

ಅಮೆರಿಕದ ಪೇಟೆಂಟ್ ಅಮೆರಿಕದಲ್ಲಿ ಮಾತ್ರ ನಡೆಯುತ್ತದೆ. ನರಸಾಪುರದ ಕೆರೆಗೆ ಅದು ಬರಬೇಕಾದರೆ ಕಂಪನಿಯವರು ಇಲ್ಲೂ ಅರ್ಜಿ ಹಾಕಿರಬೇಕು. ಅಂತರರಾಷ್ಟ್ರೀಯ ಅರ್ಜಿ ಹಾಕಿದವರಿಗೂ ಮೊದಲ ಅರ್ಜಿಯ ದಿನದಿಂದ 31 ತಿಂಗಳು ಮಾತ್ರ ಗಡುವು. ಅಷ್ಟರಲ್ಲಿ ಬರಲಿಲ್ಲ ಅಂದರೆ ಆ ಯೋಚನೆ ನಮ್ಮ ದೇಶದಲ್ಲಿ ಎಲ್ಲರದ್ದು. ಬಂದಿದ್ದರೂ ಅರ್ಜಿ ಹಾಕಿದ ದಿನದಿಂದ 20 ವರ್ಷ ಅಷ್ಟೇ. ನಡುವೆ ವರ್ಷದ ಶುಲ್ಕ ಕಟ್ಟದೆ ಬಿಟ್ಟರೆ ಅದಕ್ಕೂ ಮುಂಚೆಯೇ ಬಿದ್ದುಹೋಗುತ್ತದೆ. ಹೋಬಿಯವರ ರೆಕ್ಕೆ ಪೆಡಲ್ ಮಾರುಕಟ್ಟೆಗೆ ಬಂದದ್ದು 1997ರಲ್ಲಿ. ಆ ಮೊದಲ ವಿನ್ಯಾಸಕ್ಕೆ 20 ವರ್ಷ ಯಾವತ್ತೋ ಮುಗಿದಿದೆ. ಆಮೇಲೆ ಹಿಂದಕ್ಕೂ ಹೋಗುವ ಹಾಗೆ ಸುಧಾರಿಸಿದ ಪೆಡಲ್‌ಗಳು ಬಂದಿವೆ. ಸುಧಾರಣೆಗೆ ಬೇರೆ ಪೇಟೆಂಟ್ ಪಡೆಯಬಹುದು. ಹಾಗಾಗಿ ಹಳೇ ಸರಳ ಪೆಡಲ್ಲನ್ನೇ ಮಾಡಿ. ಹೊಸದರ ಮೇಲೆ ಆಸೆ ಇದ್ದರೆ ನಮ್ಮ ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲಿ ‘ಇನ್‌ಪಾಸ್’ ಎಂಬ ಹುಡುಕಾಟ ಇದೆ, ಪುಕ್ಕಟೆ. ಕಂಪನಿ ಹೆಸರು ಹಾಕಿ ನೋಡಿ. ಅಲ್ಲೇ ‘ಇ-ರಿಜಿಸ್ಟರ್’ ತೆರೆದರೆ ಪೇಟೆಂಟ್ ಜಾರಿಯಲ್ಲಿದೆಯೋ ಇಲ್ಲವೋ ಕಾಣುತ್ತದೆ.

ಹುಡುಕಿದಾಗ ಏನಾದರೂ ಸಿಕ್ಕರೆ ಚಿತ್ರ ನೋಡಿ ಗಾಬರಿಯಾಗಬೇಡಿ. ಕೊನೆಯಲ್ಲಿ ‘ಕ್ಲೇಮ್’ ಅಂತ ನಂಬರ್ ಹಾಕಿದ ವಾಕ್ಯಗಳಿರುತ್ತವೆ. ಹಕ್ಕು ಇರುವುದು ಅಷ್ಟಕ್ಕೆ ಮಾತ್ರ. ಇದನ್ನು ನಾನು ಕಲಿತದ್ದು ನೋವಿನಿಂದ.

2011ರಲ್ಲಿ ತುಮಕೂರಿನ ಅಂತರಸನಹಳ್ಳಿಯ ನಮ್ಮ ಶೆಡ್ಡಿನಲ್ಲಿ ತೆಂಗಿನಕಾಯಿ ಸುಲಿಯುವ ಕೈಯಂತ್ರ ಮಾಡಿದೆ. ಒಬ್ಬರ ತೋಟದಲ್ಲಿ ನೋಡಿದ್ದನ್ನು ನೆನಪಿಟ್ಟುಕೊಂಡು ಮಾಡಿದ್ದು. ನಮ್ಮ ತೋಟಕ್ಕೆ ಒಂದೇ ಒಂದು. ಎರಡು ವರ್ಷ ಯಾರೂ ಏನೂ ಕೇಳಲಿಲ್ಲ. ಆಮೇಲೆ ಗುಬ್ಬಿಯ ನೆಂಟರು ಬೇಕು ಅಂದರು. ಅವರದ್ದು ನೋಡಿ ತಿಪಟೂರಿನವರು ಬಂದರು. ಕಬ್ಬಿಣದ ಖರ್ಚಿನ ಮೇಲೆ ಸ್ವಲ್ಪ ಕೂಲಿ ಇಟ್ಟುಕೊಂಡು 14 ಮಾಡಿಕೊಟ್ಟೆ. ಒಂದು ದಿನ ರಿಜಿಸ್ಟರ್ಡ್ ಪೋಸ್ಟಿನಲ್ಲಿ ವಕೀಲರ ನೋಟಿಸ್ ಬಂತು. ಮನೆಯಲ್ಲಿ ಯಾರಿಗೂ ಹೇಳಲು ಧೈರ್ಯ ಬರಲಿಲ್ಲ. ಮೂರು ದಿನ ಶೆಡ್ಡಿನ ಬಾಗಿಲೇ ತೆಗೆಯಲಿಲ್ಲ.

ನಮ್ಮ ವಕೀಲರು ಪೇಟೆಂಟ್ ತರಿಸಿ ಮೊದಲನೇ ಕ್ಲೇಮನ್ನು ತುಂಡುತುಂಡಾಗಿ ಬಿಡಿಸಿದರು. ಬುಡದ ತಟ್ಟೆ, ಎರಡು ಮೊನೆ, ಮೊನೆ ಅಗಲಿಸುವ ಹಿಡಿ, ಹಿಡಿಯನ್ನು ವಾಪಸ್ ಎಳೆಯುವ ಸ್ಪ್ರಿಂಗ್. ನಾಲ್ಕೂ ನನ್ನ ಯಂತ್ರದಲ್ಲಿದ್ದವು. ‘ಸ್ಪ್ರಿಂಗ್ ಇಲ್ಲದೆ ಮಾಡಿದ್ದರೆ ನಾವು ವಾದ ಮಾಡಬಹುದಿತ್ತು’ ಅಂದರು. ಪೇಟೆಂಟ್ ಇದೆ ಅಂತ ಗೊತ್ತಿಲ್ಲದೆ, ಗೊತ್ತಾಗುವ ಕಾರಣವೂ ಇಲ್ಲದೆ ಮಾಡಿದವರಿಂದ ನಷ್ಟಪರಿಹಾರ ಕೊಡಿಸುವುದಿಲ್ಲ ಅಂತ 111ನೇ ಸೆಕ್ಷನ್ ಇದೆ. ಅದು ನನಗೆ ನೆರವಾಯಿತು. ಆದರೆ ಗೊತ್ತಾದ ಮೇಲೆ ಮುಂದುವರಿಸುವ ಹಾಗಿಲ್ಲ. ಬರೆದುಕೊಟ್ಟೆ, ಅರ್ಧ ಮಾಡಿಟ್ಟಿದ್ದ ಆರು ಯಂತ್ರಗಳನ್ನು ಗುಜರಿಗೆ ಹಾಕಿದೆ. ತಪ್ಪು ನನ್ನದೇ. ಅವರು ತಮ್ಮ ಹಕ್ಕು ಕೇಳಿದರು.

ನಿಮ್ಮ ವಿಷಯದಲ್ಲೂ ನನಗೆ ಚಿಂತೆ ಇರುವುದು ಇಲ್ಲಿಯೇ. ಕೆರೆಯಲ್ಲಿ ಒಬ್ಬರೇ ಪೆಡಲ್ ತುಳಿಯುವವರನ್ನು ಹುಡುಕಿಕೊಂಡು ಯಾವ ಕಂಪನಿಯೂ ಬರುವುದು ಕಾಣೆ. ಆದರೆ ಪೆಡಲ್ ಚೆನ್ನಾಗಿ ಓಡಿದರೆ ಪಕ್ಕದ ಊರಿನವರು ಖಂಡಿತ ಬರುತ್ತಾರೆ. ‘ನನಗೂ ಒಂದು ಮಾಡಿಕೊಡಣ್ಣ’ ಅಂತಾರೆ. ಆ ಮೊದಲ ಆರ್ಡರ್ ತೆಗೆದುಕೊಳ್ಳುವ ಮುಂಚೆ ಇನ್‌ಪಾಸ್ ನೋಡಿ, ಒಬ್ಬ ಪೇಟೆಂಟ್ ಏಜೆಂಟರನ್ನು ಕೇಳಿ. ಕಾಸು ತೆಗೆದುಕೊಳ್ಳದೆ ಮಾಡಿಕೊಟ್ಟರೂ ತಯಾರಿಸಿದ್ದು ತಯಾರಿಸಿದ್ದೇ.

ಇನ್ನು ಲಂಗರು. ಅದಕ್ಕೆ ಯೋಚನೆಯೇ ಬೇಡ. ಬಾವಿಗೆ ಬಿದ್ದ ಬಿಂದಿಗೆ ತೆಗೆಯಲು ನಮ್ಮ ಅಜ್ಜಿಯರು ಬಳಸುತ್ತಿದ್ದ ಪಾತಾಳಗರಡಿ ನೋಡಿದ್ದೀರಲ್ಲ? ನಾಲ್ಕು ಕೊಕ್ಕೆಯ ಲಂಗರು ಹೆಚ್ಚುಕಡಿಮೆ ಅದೇ ಆಕಾರ. ಅಷ್ಟು ಹಳೆಯದನ್ನು ಯಾರೂ ತನ್ನದು ಅನ್ನುವಂತಿಲ್ಲ. ನೇಗಿಲಿನ ಹಾಗೆ ನೆಲ ಸೀಳಿ ಕೂರುವ ಸಿ.ಕ್ಯೂ.ಆರ್. ಲಂಗರನ್ನು ಇಂಗ್ಲೆಂಡಿನ ಭೌತವಿಜ್ಞಾನಿ ಜೆಫ್ರಿ ಟೇಲರ್ 1933ರಲ್ಲಿ ಮಾಡಿದರು. ಅದರ ಪೇಟೆಂಟ್ ಮುಗಿದು ಎಷ್ಟೋ ಕಾಲವಾಯಿತು. ಕೆರೆಯ ಗೋಡು ಮಣ್ಣಿಗೆ ಈ ನೇಗಿಲ ಆಕಾರವೇ ಒಳ್ಳೆಯದು ಅನ್ನುವುದು ನನ್ನ ಅನಿಸಿಕೆ. ಕೊಕ್ಕೆ ಲಂಗರು ಮೆತ್ತನೆಯ ಗೋಡಿನಲ್ಲಿ ಜಾರುತ್ತದೆ. ಕಲ್ಲಿದ್ದ ಕಡೆ ಅದು ಸರಿ.

ಕೇಳದಿದ್ದರೂ ಮೂರು ಮಾತು. ಅಂತರಗಂಗೆ ಜಾಸ್ತಿ ಇರುವ ಕಡೆ ರೆಕ್ಕೆಗೆ ಬಳ್ಳಿ ಸುತ್ತಿಕೊಳ್ಳುತ್ತದೆ. ಪೆಡಲ್ಲನ್ನು ಮೇಲಕ್ಕೆ ಎತ್ತಿ ಬಿಡಿಸುವ ಹಾಗೆ ಕೂರಿಸಿ. ಕೆರೆಯ ಮೀನಿನ ಗುತ್ತಿಗೆ ಯಾರ ಹೆಸರಲ್ಲಿದೆ ಅಂತ ಪಂಚಾಯಿತಿಯಲ್ಲಿ ವಿಚಾರಿಸಿ. ಲೈಫ್ ಜಾಕೆಟ್ ಇಲ್ಲದೆ ದಯವಿಟ್ಟು ನೀರಿಗೆ ಇಳಿಯಬೇಡಿ. ಗೋಡಿನಲ್ಲಿ ಕಾಲು ಹೂತರೆ ಈಜು ಬಂದವರಿಗೂ ಕಷ್ಟ.

ಪ್ರಶ್ನೆ: ಡಿಪ್ಲೊಮಾ ಓದುತ್ತಿರುವ ನನ್ನ ಮಗಳು ಪಿವಿಸಿ ಪೈಪಿನಲ್ಲಿ ಮೂರು ಮಡಿಕೆಯ ದೋಣಿ ಹುಟ್ಟು ಮಾಡಿದ್ದಾಳೆ. ಕೀಲು ಅವಳದೇ ಯೋಚನೆ. ಯೂಟ್ಯೂಬಿಗೆ ಹಾಕಿ, ಜನ ಮೆಚ್ಚಿದರೆ ಆಮೇಲೆ ಪೇಟೆಂಟ್ ಮಾಡಿಸಬಹುದಾ?
– ಓದುಗರು, ಗೌರಿಬಿದನೂರು

ಉತ್ತರ: ಅಮ್ಮಾ, ಮೊದಲು ಆ ವಿಡಿಯೋ ತಡೆಯಿರಿ. ಅರ್ಜಿಗೆ ಮುಂಚೆ ಜಗತ್ತಿಗೆ ತೋರಿಸಿಬಿಟ್ಟರೆ ಅದು ‘ಹೊಸದು’ ಆಗಿ ಉಳಿಯುವುದಿಲ್ಲ, ತೋರಿಸಿದವರು ಸ್ವತಃ ನಿಮ್ಮ ಮಗಳೇ ಆದರೂ. ಮಡಚುವ ಹುಟ್ಟುಗಳು ಈಗಾಗಲೇ ಬೇಕಾದಷ್ಟಿವೆ. ಹೊಸತನ ಇದ್ದರೆ ಅವಳ ಕೀಲಿನಲ್ಲಿರಬೇಕು, ಅದನ್ನೇ ಹುಡುಕಿ ನೋಡಲಿ. ಸಿಗದಿದ್ದರೆ ಪ್ರಾಥಮಿಕ ಅರ್ಜಿ, ಅಂದರೆ ಪ್ರಾವಿಷನಲ್ ಅರ್ಜಿ ಹಾಕಲಿ. ಕಂಪನಿಯಲ್ಲದ ವ್ಯಕ್ತಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ. ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಕರ್ನಾಟಕದ ಅರ್ಜಿಗಳನ್ನು ನೋಡಿಕೊಳ್ಳುವುದು ಚೆನ್ನೈ ಕಚೇರಿ, ಆದರೆ ಅಲ್ಲಿಗೆ ಹೋಗಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದೆ. ಅಲ್ಲಿನ ಪೇಟೆಂಟ್ ಮಾಹಿತಿ ಕೇಂದ್ರಕ್ಕೆ ಹುಟ್ಟನ್ನೇ ಹಿಡಿದುಕೊಂಡು ಹೋಗಿ ಕೇಳಿ.

ಅರ್ಜಿಯಲ್ಲಿ ಕೀಲಿನ ಚಿತ್ರ ಬರೆದು ಅಳತೆ ಹಾಕಲಿ. ಅರ್ಜಿ ಸಂಖ್ಯೆ ಬಂದ ಮೇಲೆ ವಿಡಿಯೋ ಹಾಕಲಿ. ಅದರಲ್ಲೂ ಅರ್ಜಿಯಲ್ಲಿ ಬರೆದಷ್ಟನ್ನೇ ತೋರಿಸಲಿ, ಆಮೇಲೆ ಹೊಳೆದದ್ದನ್ನಲ್ಲ.