ಸ್ಕೂಲ್ ಡೇ ಫಾರ್ಮ್‌ನಲ್ಲಿ ಮಗಳ ಆಧಾರ್, ವಿಳಾಸ, ಫೋಟೋ ಎಲ್ಲಾ ಕೇಳಿದ್ದಾರೆ. ಕೊಡಬೇಕಾ, ಇಲ್ಲಾ ಡ್ಯಾನ್ಸ್ ಬಿಡಿಸಬೇಕಾ?

ಡ್ಯಾನ್ಸ್ ಬಿಡಿಸಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನೀವು ಬರೆದಿರುವುದು ಇಷ್ಟು. ಮಗಳು ಮೂರನೇ ಕ್ಲಾಸು. ಡಿಸೆಂಬರ್‌ನಲ್ಲಿ ಸ್ಕೂಲ್ ಡೇ, ಗುಂಪು ನೃತ್ಯಕ್ಕೆ ಸೇರಿದ್ದಾಳೆ. ಕ್ಲಾಸಿನ ವಾಟ್ಸಾಪ್ ಗುಂಪಿಗೆ ಒಂದು ಗೂಗಲ್ ಫಾರ್ಮ್ ಬಂದಿದೆ. ಅದರಲ್ಲಿ ಮಗುವಿನ ಪೂರ್ತಿ ಹೆಸರು, ಹುಟ್ಟಿದ ದಿನ, ಆಧಾರ್ ಪ್ರತಿ, ಮನೆ ವಿಳಾಸ, ಅಪ್ಪ ಅಮ್ಮ ಇಬ್ಬರ ಫೋನ್ ನಂಬರ್, ಕೆಲಸ, ಫೋಟೋ ಎಲ್ಲಾ ಕೇಳಿದ್ದಾರೆ. ಕಾರ್ಯಕ್ರಮ ಯೂಟ್ಯೂಬ್‌ನಲ್ಲಿ ಲೈವ್ ಬರುತ್ತದೆ ಅಂತಲೂ ಇದೆ. ನಿಮ್ಮ ಮನೆಯವರು ಹೆದರಿಕೊಂಡು "ಡ್ಯಾನ್ಸೇ ಬೇಡ" ಅಂದಿದ್ದಾರೆ. ಮಗಳು ಅಳುತ್ತಿದ್ದಾಳೆ.

ನಾನು ಹೈಸ್ಕೂಲ್ ಟೀಚರ್. ನಮ್ಮ ಶಾಲೆಯಲ್ಲಿ ವಾರ್ಷಿಕೋತ್ಸವದ ಪಟ್ಟಿ, ಪಾಸು, ಕರೆಯೋಲೆ, ನಿರೂಪಣೆಯ ಚೀಟಿ ಇವೆಲ್ಲ ಹಲವು ವರ್ಷಗಳಿಂದ ನನ್ನ ಕೈಯಲ್ಲೇ ಆಗುತ್ತಿವೆ. ಒಂದು ಮಗುವನ್ನು ಸ್ಟೇಜ್ ಹತ್ತಿಸಲು ನಮಗೆ ಬೇಕಾಗುವುದು ಹೆಸರು, ತರಗತಿ, ಸೆಕ್ಷನ್, ಡ್ರೆಸ್ಸಿನ ಅಳತೆ, ಮನೆಯವರ ಒಂದು ಫೋನ್ ನಂಬರ್. ಉಬ್ಬಸವೋ ಅಲರ್ಜಿಯೋ ಇದ್ದರೆ ಅದನ್ನೂ ತಿಳಿಸಬೇಕು, ಯಾಕೆಂದರೆ ಮೇಕಪ್ ಮತ್ತು ಹೊಗೆ ಯಂತ್ರ ಎರಡೂ ಮಕ್ಕಳಿಗೆ ತೊಂದರೆ ಕೊಡುತ್ತವೆ. ಅಷ್ಟೇ. ಹುಟ್ಟಿದ ದಿನ, ವಿಳಾಸದಂಥ ವಿವರಗಳು ಶಾಲೆಯ ದಾಖಲಾತಿ ಪುಸ್ತಕದಲ್ಲೂ, ಶಿಕ್ಷಣ ಇಲಾಖೆ ವಿದ್ಯಾರ್ಥಿಗಳ ವಿವರ ಇಡುವ ಎಸ್‌ಎಟಿಎಸ್ ಜಾಲತಾಣದಲ್ಲೂ ಆಗಲೇ ಇರುತ್ತವೆ.

ಹಾಗಾದರೆ ಯಾಕೆ ಕೇಳುತ್ತಾರೆ? ಹೆಚ್ಚಿನ ಸಲ ಯಾರೋ ಒಬ್ಬರು ಅಡ್ಮಿಷನ್ ಫಾರ್ಮನ್ನೇ ನಕಲು ಮಾಡಿ ಇಟ್ಟಿರುತ್ತಾರೆ. ಕೆಟ್ಟ ಉದ್ದೇಶ ಏನೂ ಇರುವುದಿಲ್ಲ. ಆದರೆ ಆ ಫಾರ್ಮ್ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಯಾರೂ ಯೋಚಿಸಿರುವುದಿಲ್ಲ. ಗೂಗಲ್ ಫಾರ್ಮ್‌ಗೆ ನೀವು ಹಾಕಿದ ಆಧಾರ್ ಪ್ರತಿ ಹೋಗಿ ಕೂರುವುದು ಫಾರ್ಮ್ ಮಾಡಿದವರ ಡ್ರೈವ್‌ನಲ್ಲಿ. ಅದು ಶಾಲೆಯ ಖಾತೆ ಆಗಿರಬಹುದು, ಒಬ್ಬ ಟೀಚರ್‌ನ ಸ್ವಂತ ಜಿಮೇಲ್ ಕೂಡ ಆಗಿರಬಹುದು. ಆ ಟೀಚರ್ ಮುಂದಿನ ವರ್ಷ ಬೇರೆ ಶಾಲೆಗೆ ಹೋದರೂ ಮಕ್ಕಳ ಆಧಾರ್‌ಗಳು ಅವರ ಜೊತೆಗೇ ಹೋಗುತ್ತವೆ. ಫಾರ್ಮ್‌ನಲ್ಲಿ ಉತ್ತರಗಳ ಸಾರಾಂಶ ತೋರಿಸುವ ಒಂದು ಆಯ್ಕೆ ಇದೆ. ಅದು ಆನ್ ಆಗಿದ್ದರೆ, ಫಾರ್ಮ್ ತುಂಬಿದ ಪ್ರತಿಯೊಬ್ಬರಿಗೂ ಉಳಿದವರು ಬರೆದದ್ದು ಕಾಣುತ್ತದೆ. ಉತ್ತರಗಳ ಶೀಟನ್ನು "ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು" ಅಂತ ಇಟ್ಟು ಡ್ರೆಸ್ ಅಂಗಡಿಯವರಿಗೂ ಫೋಟೋಗ್ರಾಫರ್‌ಗೂ ಕಳಿಸುವುದು ಬಹಳ ಮಾಮೂಲಿ. ಕಳ್ಳರ ಕೈಗೆ ಮಾಹಿತಿ ಸಿಗುವುದು ಇಂಥ ಕಡೆಯಿಂದಲೇ. ಅದಕ್ಕೆ ದೊಡ್ಡ ಹ್ಯಾಕಿಂಗ್ ಏನೂ ಬೇಕಾಗಿಲ್ಲ.

ಇನ್ನು ನಿಮ್ಮ ಮನೆಯವರ ಹೆದರಿಕೆ. ಆಧಾರ್ ನಂಬರ್ ಒಂದೇ ಸಿಕ್ಕಿದರೆ ಯಾರೂ ನಿಮ್ಮ ಬ್ಯಾಂಕ್ ಖಾತೆಯಿಂದ ದುಡ್ಡು ತೆಗೆಯಲಾರರು. ಈ ಮಾತನ್ನು ಅವರಿಗೆ ಹೇಳಿ, ಸ್ವಲ್ಪ ಸಮಾಧಾನ ಆಗಬಹುದು. ತೊಂದರೆ ಶುರುವಾಗುವುದು ಬೇರೆ ಬೇರೆ ಕಡೆ ಕೊಟ್ಟ ಚೂರುಗಳನ್ನು ಒಬ್ಬ ಜೋಡಿಸಿದಾಗ. 2023ರಲ್ಲಿ ನಮ್ಮ ರಾಜ್ಯದಲ್ಲೇ ಹೀಗಾಯಿತು. ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಯಿಂದ ಹಣ ಹೋಯಿತು. ಒಟಿಪಿ ಬಂದಿರಲಿಲ್ಲ, ಅವರು ಯಾವ ಲಿಂಕನ್ನೂ ಒತ್ತಿರಲಿಲ್ಲ. ಕ್ರಯಪತ್ರದ ಪ್ರತಿಯಲ್ಲಿದ್ದ ಆಧಾರ್ ನಂಬರ್ ಮತ್ತು ಬೆರಳಚ್ಚು ಎರಡನ್ನೂ ಎತ್ತಿಕೊಂಡು, ಬೆರಳು ಒತ್ತಿ ಹಣ ತೆಗೆಯುವ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಕಳ್ಳರು ಹಣ ತೆಗೆದಿದ್ದರು. ಆ ಕಾಗದವನ್ನು ಜನ ಸರಿಯಾದ ಕೆಲಸಕ್ಕೇ, ಸರಿಯಾದ ಕಚೇರಿಗೇ ಕೊಟ್ಟಿದ್ದರು.

ಸ್ಕೂಲ್ ಡೇಗೂ ಇದಕ್ಕೂ ಏನು ಸಂಬಂಧ ಅನ್ನಿಸಬಹುದು. ಜಾಲತಾಣದಿಂದ ಇಳಿಸಿಕೊಳ್ಳುವ ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ, ಅದು ಏನು ಗೊತ್ತಲ್ವಾ? ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಹುಟ್ಟಿದ ವರ್ಷ. ಅದೇ ಫಾರ್ಮ್‌ನಲ್ಲಿ ಹೆಸರು, ಹುಟ್ಟಿದ ದಿನ, ಪಿಡಿಎಫ್ ಮೂರನ್ನೂ ಕೇಳಿದರೆ, ಬೀಗ ಮತ್ತು ಕೀಲಿಯನ್ನು ಒಂದೇ ಚೀಲದಲ್ಲಿ ಹಾಕಿ ಕೊಟ್ಟ ಹಾಗೆ. ಕೆಲವು ಬ್ಯಾಂಕುಗಳು ಇಮೇಲ್‌ನಲ್ಲಿ ಕಳಿಸುವ ಸ್ಟೇಟ್‌ಮೆಂಟಿನ ಪಾಸ್‌ವರ್ಡ್ ಕೂಡ ಹೆಸರು ಮತ್ತು ಹುಟ್ಟಿದ ದಿನ ಸೇರಿಸಿಯೇ ಇರುತ್ತದೆ. ಮಗುವಿನ ಹುಟ್ಟಿದ ದಿನವನ್ನೇ ಫೋನ್ ಲಾಕ್‌ಗೋ ಎಟಿಎಂ ಪಿನ್‌ಗೋ ಇಟ್ಟುಕೊಂಡ ಅಪ್ಪ ಅಮ್ಮಂದಿರಂತೂ ಬೇಕಾದಷ್ಟು ಜನ ಇದ್ದಾರೆ. ನಿಮ್ಮದೂ ಹಾಗಿದ್ದರೆ ಇವತ್ತೇ ಬದಲಾಯಿಸಿ.

ನನಗೆ ಇದೆಲ್ಲಕ್ಕಿಂತ ಜಾಸ್ತಿ ಭಯ ಇರುವುದು ಫೋನ್ ಕರೆಯ ಬಗ್ಗೆ. "ನಿಮ್ಮ ಮಗಳು ನಮ್ಮ ಸ್ಟೇಷನ್‌ನಲ್ಲಿದ್ದಾಳೆ", "ಮಗನಿಗೆ ಆಕ್ಸಿಡೆಂಟ್ ಆಗಿದೆ, ಆಸ್ಪತ್ರೆಗೆ ಈಗಲೇ ದುಡ್ಡು ಹಾಕಿ" ಅಂತ ಬರುವ ಕರೆಗಳು. ವಾಟ್ಸಾಪ್ ಡಿಪಿಯಲ್ಲಿ ಪೊಲೀಸ್ ಸಮವಸ್ತ್ರದ ಫೋಟೋ ಇರುತ್ತದೆ, ಹಿಂದೆ ಮಗು ಅಳುವ ದನಿ ಕೇಳಿಸುತ್ತದೆ. 2024ರಲ್ಲಿ ಆಗ್ರಾದ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರಿಗೆ ಕಾಲೇಜಿಗೆ ಹೋಗುವ ಮಗಳ ಹೆಸರಿನಲ್ಲಿ ಇಂಥದೇ ಕರೆ ಬಂತು. ಮಗಳು ಸುರಕ್ಷಿತವಾಗಿದ್ದಳು. ಆದರೆ ಆ ಆಘಾತಕ್ಕೆ ತಾಯಿ ಹೃದಯಾಘಾತವಾಗಿ ತೀರಿಕೊಂಡರು. ಆ ಸುದ್ದಿ ಓದಿದ ಮೇಲೆ ನಾನು ಕರೆಯೋಲೆ ಮಾಡುವ ರೀತಿಯೇ ಬದಲಾಯಿತು.

ಇಂಥ ಕರೆ ಮಾಡುವವನಿಗೆ ಏನೇನು ಬೇಕು, ನೀವೇ ನೋಡಿ. ಮಗುವಿನ ಹೆಸರು, ಶಾಲೆ, ತರಗತಿ, ಅಪ್ಪ ಅಮ್ಮನ ನಂಬರ್. ಮಗು ಅಪ್ಪ ಅಮ್ಮನ ಕಣ್ಣ ಮುಂದೆ ಇರದ ಹೊತ್ತು ಗೊತ್ತಾದರೆ ಇನ್ನೂ ಅನುಕೂಲ. ಸ್ಕೂಲ್ ಡೇ ದಿನ ಮಗು ಮಧ್ಯಾಹ್ನವೇ ಮೇಕಪ್‌ಗೆ ಹೋಗಿರುತ್ತದೆ. ಅಪ್ಪ ಅಮ್ಮ ದಾರಿಯಲ್ಲೋ ಗದ್ದಲದ ಪೆಂಡಾಲಿನಲ್ಲೋ ಇರುತ್ತಾರೆ. ಟೀಚರ್‌ಗಳು ಫೋನ್ ಎತ್ತುವ ಸ್ಥಿತಿಯಲ್ಲಿ ಇರುವುದಿಲ್ಲ. ಕರೆಯೋಲೆಯಲ್ಲಿ ಮಕ್ಕಳ ಪೂರ್ತಿ ಹೆಸರು, ಸೆಕ್ಷನ್ ಅಚ್ಚು ಹಾಕಿ, ಅದರ ಫೋಟೋವನ್ನು ಹತ್ತು ಗುಂಪಿಗೆ ಹಂಚಿದರೆ ಕಳ್ಳನ ಅರ್ಧ ಕೆಲಸ ನಾವೇ ಮಾಡಿಕೊಟ್ಟಂತೆ. ಈಗ ನಮ್ಮ ಕರೆಯೋಲೆಯಲ್ಲಿ "ಮೂರನೇ ತರಗತಿ ಮಕ್ಕಳಿಂದ ಕಂಸಾಳೆ ನೃತ್ಯ" ಅಂತ ಮಾತ್ರ ಇರುತ್ತದೆ. ನಿರೂಪಣೆಯಲ್ಲಿ ಮಕ್ಕಳ ಹೆಸರನ್ನಷ್ಟೇ ಕರೆಯುತ್ತೇವೆ. "ಇವರ ತಂದೆ ಇಂಥ ಕಡೆ ಕೆಲಸ, ಮನೆ ಇಂಥ ಬಡಾವಣೆ" ಅಂತ ಮೈಕಿನಲ್ಲಿ ಹೇಳುವ ಪದ್ಧತಿ ನಿಲ್ಲಿಸಿದೆವು. ಬಹುಮಾನದ ಫ್ಲೆಕ್ಸ್‌ನಲ್ಲಿ ಮಗುವಿನ ಫೋಟೋ ಇರಲಿ, ನಮಗೂ ಹೆಮ್ಮೆ. ಹುಟ್ಟಿದ ದಿನ, ಊರು, ಅಪ್ಪನ ಹೆಸರು ಅಲ್ಲಿ ಯಾಕೆ?

ಮನೆಯಲ್ಲಿ ನೀವು ಮಾಡಬೇಕಾದ ಕೆಲಸ ಇದು. ಮಗಳ ಜೊತೆ ಕೂತು ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಹೊರಗಿನವರಿಗೆ ಗೊತ್ತಿರದ, ಮಗುವಿಗೆ ಮರೆಯದ ಮಾತಾಗಿರಬೇಕು. ಯಾರಾದರೂ "ಅಮ್ಮ ಕಳಿಸಿದ್ದಾರೆ ಬಾ" ಅಂದರೆ ಮಗಳು ಆ ಮಾತು ಕೇಳಬೇಕು. ಫೋನಿನಲ್ಲಿ ಮಗುವಿನ ದನಿಯಲ್ಲಿ ಅಳು ಕೇಳಿದರೆ ನೀವು ಆ ಮಾತು ಕೇಳಬೇಕು. ಕೆಲವೇ ಸೆಕೆಂಡಿನ ರೆಕಾರ್ಡಿಂಗ್ ಇದ್ದರೆ ದನಿಯನ್ನು ಅನುಕರಿಸುವ ತಂತ್ರಾಂಶಗಳು ಈಗ ಇವೆ, ಹಾಗಾಗಿ ದನಿ ಕೇಳಿ ನಂಬುವ ಹಾಗಿಲ್ಲ. ಕರೆ ಬಂದರೆ ಕಟ್ ಮಾಡಿ, ನಿಮ್ಮ ಹತ್ತಿರ ಇರುವ ನಂಬರಿಗೆ ನೀವೇ ಫೋನ್ ಮಾಡಿ. ಕ್ಲಾಸ್ ಟೀಚರ್ ಎತ್ತದಿದ್ದರೆ ಆಫೀಸಿಗೆ, ಅವರೂ ಎತ್ತದಿದ್ದರೆ ಗ್ರೀನ್ ರೂಮ್ ಹತ್ತಿರ ಇರುವ ಇನ್ನೊಂದು ಮಗುವಿನ ಅಮ್ಮನಿಗೆ. ಆ ಒಂದು ನಂಬರ್ ಈಗಲೇ ತೆಗೆದಿಟ್ಟುಕೊಳ್ಳಿ.

ಯೂಟ್ಯೂಬ್ ವಿಷಯ. ಲೈವ್ ಬೇಡವೇ ಬೇಡ ಅನ್ನುವ ಪಕ್ಷದವಳಲ್ಲ ನಾನು. ದೂರದ ಊರಿನಲ್ಲಿರುವ ಅಜ್ಜ ಅಜ್ಜಿ, ಗಲ್ಫ್‌ನಲ್ಲಿ ಕೆಲಸ ಮಾಡುವ ಅಪ್ಪ ನೋಡಿ ಕಣ್ಣು ತುಂಬಿಕೊಳ್ಳುವುದು ಅದರಿಂದಲೇ. ಅದನ್ನು ಎಲ್ಲರಿಗೂ ತೆರೆದಿಡುವ ಅಗತ್ಯ ಇಲ್ಲ ಅಷ್ಟೇ. 'ಅನ್‌ಲಿಸ್ಟೆಡ್' ಅಂತ ಇಟ್ಟರೆ ಹುಡುಕಾಟದಲ್ಲಿ ಬರುವುದಿಲ್ಲ, ಲಿಂಕ್ ಇದ್ದವರು ಮಾತ್ರ ನೋಡುತ್ತಾರೆ. ಲಿಂಕ್ ಕೈ ದಾಟಬಹುದು ನಿಜ, ಆದರೂ ಎಲ್ಲರಿಗೂ ತೆರೆದಿಡುವುದಕ್ಕಿಂತ ಎಷ್ಟೋ ವಾಸಿ. ಮಕ್ಕಳಿಗಾಗಿ ಮಾಡಿದ್ದು ಅಂತ ಗುರುತು ಹಾಕಿದರೆ ಕಾಮೆಂಟ್, ಲೈವ್ ಚಾಟ್ ಎರಡೂ ಬಂದ್ ಆಗುತ್ತವೆ. ಶೀರ್ಷಿಕೆಯಲ್ಲಿ ಮಕ್ಕಳ ಹೆಸರು ಇರಬಾರದು. ಒಂದು ತಿಂಗಳು ಕಳೆದ ಮೇಲೆ 'ಪ್ರೈವೇಟ್' ಮಾಡಿ ಅಂತ ಕೇಳಿಕೊಳ್ಳಿ. ಇದಕ್ಕೆ ಶಾಲೆಗೆ ಒಂದು ರೂಪಾಯಿ ಖರ್ಚಿಲ್ಲ.

ಕಾರ್ಯಕ್ರಮ ಆದ ಮೇಲೆ ಗುಂಪಿನಲ್ಲಿ "ಸ್ಕೂಲ್ ಡೇ ಫೋಟೋಸ್" ಅಂತ ಫೈಲ್ ಬಂದರೆ ಅದರ ಹೆಸರಿನ ಕೊನೆ ನೋಡಿ. ಎಪಿಕೆ ಅಂತ ಇದ್ದರೆ ಅದು ಫೋಟೋ ಅಲ್ಲ, ಆಪ್. ಮದುವೆ ಕರೆಯೋಲೆ ಹೆಸರಿನಲ್ಲಿ ಇದೇ ಮೋಸ ನಡೆದಿದೆ. ಗೊತ್ತಿರುವವರ ನಂಬರಿನಿಂದ ಬಂದರೂ ತೆರೆಯಬೇಡಿ, ಅವರ ಫೋನೇ ಕಳ್ಳರ ವಶದಲ್ಲಿ ಇರಬಹುದು. ಹಾಗೇ, "ಡ್ರೆಸ್ ಬಾಡಿಗೆಯ ಡೆಪಾಸಿಟ್ ವಾಪಸ್ ಕೊಡುತ್ತೇವೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂದರೆ ಹಾಕಬೇಡಿ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕಾಗುವುದೇ ಇಲ್ಲ.

ಕಾನೂನು ನಿಮ್ಮ ಕಡೆಗೇ ಇದೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ್ದ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ದು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಆಧಾರ್ ತೀರ್ಪಿನಲ್ಲಿ, ಶಾಲೆಗೆ ಸೇರಿಸಿಕೊಳ್ಳಲು ಕೂಡ ಆಧಾರ್ ಕಡ್ಡಾಯ ಮಾಡುವಂತಿಲ್ಲ ಅಂತಾಯಿತು. ಸೇರಲಿಕ್ಕೇ ಕಡ್ಡಾಯ ಅಲ್ಲದ್ದು ಕುಣಿಯಲಿಕ್ಕೆ ಹೇಗೆ ಕಡ್ಡಾಯ ಆಗುತ್ತದೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು, ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಬಹುದು. ಮಕ್ಕಳ ಮಾಹಿತಿ ವಿಷಯದಲ್ಲಿ ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು 18 ತಿಂಗಳು ಕಾಲ ಕೊಟ್ಟಿದ್ದಾರೆ. ಶಾಲೆಗಳು ಈಗಿನಿಂದಲೇ ಅಭ್ಯಾಸ ಬದಲಾಯಿಸಿಕೊಂಡರೆ ಒಳ್ಳೆಯದು.

ಆದರೆ ಕಾನೂನು ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ. ಗುಂಪಿನಲ್ಲಿ ಎಲ್ಲರ ಮುಂದೆ ಕೇಳಿದರೆ ಟೀಚರ್‌ಗೆ ಅವಮಾನ ಆಗುತ್ತದೆ. ಅವರು ರಾತ್ರಿ ಹತ್ತರವರೆಗೆ ಮಕ್ಕಳ ಡ್ರೆಸ್ ಲೆಕ್ಕ ಹಾಕುತ್ತಾ ಕೂತಿರುತ್ತಾರೆ, ನನಗೆ ಗೊತ್ತು. ಅವರೊಬ್ಬರಿಗೇ ಹೀಗೆ ಬರೆಯಿರಿ: "ನಮಸ್ತೆ ಮೇಡಂ. ಮಗಳು ಡ್ಯಾನ್ಸಿಗೆ ಸೇರಿದ್ದು ನಮಗೆಲ್ಲ ತುಂಬಾ ಖುಷಿ. ಹೆಸರು, ಸೆಕ್ಷನ್, ಅಳತೆ, ನನ್ನ ನಂಬರ್ ನಿಮಗೆ ಕಳಿಸಿದ್ದೇನೆ. ಆಧಾರ್, ವಿಳಾಸ, ಹುಟ್ಟಿದ ದಿನ ಆಫೀಸಿನ ದಾಖಲೆಯಲ್ಲಿ ಇವೆ, ಬೇಕಾದರೆ ಅಲ್ಲಿಂದ ತೆಗೆದುಕೊಳ್ಳಿ. ಫಾರ್ಮ್‌ನಲ್ಲಿ ಹಾಕಲು ಮನೆಯಲ್ಲಿ ಒಪ್ಪುತ್ತಿಲ್ಲ. ಲೈವ್ ಅನ್ನು ಅನ್‌ಲಿಸ್ಟೆಡ್ ಇಡಲು ಸಾಧ್ಯವಾ ಅಂತ ದಯವಿಟ್ಟು ಮುಖ್ಯ ಶಿಕ್ಷಕರನ್ನು ಕೇಳುತ್ತೀರಾ?" ಹೀಗೆ ಬರೆದರೆ ಬೇಡ ಅನ್ನುವ ಟೀಚರ್ ಕಡಿಮೆ. ಗುರುತಿನ ಚೀಟಿ ಬೇಕೇ ಬೇಕು ಅಂದರೆ ಮಾಸ್ಕ್ ಮಾಡಿದ ಆಧಾರ್ ಕೊಡಿ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ಜಾಲತಾಣದಲ್ಲಿ ಇಳಿಸಿಕೊಳ್ಳಬಹುದು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಪ್ರತಿಯ ಮೇಲೆ "ಸ್ಕೂಲ್ ಡೇಗೆ ಮಾತ್ರ" ಅಂತ ತಾರೀಖು ಹಾಕಿ ಬರೆಯಿರಿ.

ಮಗಳಿಗೆ ಆ ದಿನ ಚಿನ್ನ ಹಾಕಬೇಡಿ, ಗಿಲೀಟಿನ ಸರವೇ ದೀಪದಲ್ಲಿ ಚೆನ್ನಾಗಿ ಮಿಂಚುತ್ತದೆ. "ಮನೆಯವರೆಲ್ಲ ಸ್ಕೂಲ್ ಡೇಯಲ್ಲಿ" ಅಂತ ಸ್ಟೇಟಸ್ ಹಾಕುವುದನ್ನು ಮನೆಗೆ ಬಂದ ಮೇಲೆ ಮಾಡಿ.

ಫಾರ್ಮ್ ಈಗಾಗಲೇ ತುಂಬಿ ಕಳಿಸಿದ್ದರೂ ಗಾಬರಿ ಬೇಡ. ಟೀಚರ್‌ಗೆ ಹೇಳಿ ಆ ಸಾಲು ಮತ್ತು ಫೈಲ್ ಎರಡನ್ನೂ ಅಳಿಸಲು ಕೇಳಿ. ಶೀಟಿನಲ್ಲಿ ಅಳಿಸಿದರೂ ಫಾರ್ಮ್‌ನಲ್ಲಿ ಉಳಿದಿರುತ್ತದೆ, ಡ್ರೈವ್‌ನಲ್ಲಿ ಫೈಲ್ ಬೇರೆ ಇರುತ್ತದೆ, ಮೂರೂ ಕಡೆ ನೋಡಬೇಕು. ನಿಮ್ಮ ಮತ್ತು ಮನೆಯವರ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ. ಆಧಾರ್‌ನ ಅಧಿಕೃತ ಆಪ್‌ನಲ್ಲಿ ಆಗುತ್ತದೆ, ಬೆರಳಚ್ಚು ಕೊಡಬೇಕಾದ ದಿನ ತೆರೆದುಕೊಂಡರೆ ಆಯಿತು. ವಾಟ್ಸಾಪ್‌ಗೆ ಎರಡು ಹಂತದ ಪಿನ್ ಹಾಕಿ. ಒಂದು ವೇಳೆ ಹಣ ಹೋದರೆ ಬ್ಯಾಂಕ್ ಬಾಗಿಲು ತೆರೆಯುವವರೆಗೆ ಕಾಯಬೇಡಿ, ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದೂರು ಬೇಗ ಹೋದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮೊದಲೇ ತಡೆಹಿಡಿಯಲು ಅವಕಾಶ ಜಾಸ್ತಿ.