ಎರಡನೇ ಸಲ ಚಾಕು ಸಿಕ್ಕರೆ ಜೈಲೇ ಆಗಬೇಕಾ?

ಮೈಸೂರಿನ ಓದುಗರೊಬ್ಬರ ಪತ್ರ: "ಮಗನ ಮನೆಗೆಂದು ಲಂಡನ್ನಿಗೆ ಹೋಗಿ ಮೂರು ತಿಂಗಳಿದ್ದು ಬಂದೆ. ಒಂದು ಬಸ್ ಸ್ಟಾಪಿನ ಪಕ್ಕ ಹೂವಿನ ರಾಶಿ ಇತ್ತು. ಚಾಕು ಇರಿತಕ್ಕೆ ಸತ್ತ ಹುಡುಗನಿಗೆ ಇಟ್ಟದ್ದಂತೆ. ನನ್ನ ಮೊಮ್ಮಗ ಅಲ್ಲೇ ಬಸ್ ಹತ್ತುತ್ತಾನೆ. ಎರಡನೇ ಸಲ ಚಾಕು ಸಮೇತ ಸಿಕ್ಕಿಬಿದ್ದವನ ಶಿಕ್ಷೆಯನ್ನೂ ಜಡ್ಜು ಅಮಾನತಿನಲ್ಲಿಟ್ಟು ಮನೆಗೆ ಕಳಿಸುತ್ತಾರಂತೆ. ಇದು ಸರಿಯಾ?"

ಸಂಪಾದಕರ ಉತ್ತರ:

ಆ ಹೂವಿನ ರಾಶಿಯ ಸಾಲನ್ನು ಎರಡು ಸಲ ಓದಿದೆ. ನಿಮ್ಮ ಹೆದರಿಕೆ ನ್ಯಾಯವಾದದ್ದೇ. ಆದರೂ ನನ್ನ ಉತ್ತರ, ಹೌದು, ಕೆಲವು ಹುಡುಗರ ವಿಷಯದಲ್ಲಿ ಅದು ಸರಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ನಿಯಮ ಬಂದದ್ದು 2015ರ ಜುಲೈನಲ್ಲಿ. ಚಾಕು ಇಟ್ಟುಕೊಂಡದ್ದಕ್ಕೆ ಎರಡನೇ ಸಲ ಸಿಕ್ಕಿಬಿದ್ದರೆ 18 ದಾಟಿದವರಿಗೆ ಕನಿಷ್ಠ 6 ತಿಂಗಳ ಜೈಲು. 16, 17ರವರಿಗೆ ಕನಿಷ್ಠ 4 ತಿಂಗಳು. ಈ 4 ತಿಂಗಳಲ್ಲಿ ಅರ್ಧ ಒಳಗೆ, ಉಳಿದರ್ಧ ಹೊರಗೆ ನಿಗಾದಲ್ಲಿ. ಇಷ್ಟು ಶಿಕ್ಷೆ ಅನ್ಯಾಯವಾಗುತ್ತದೆ ಅನ್ನಿಸಿದರೆ ಜಡ್ಜು ಬೇರೆ ತೀರ್ಪು ಕೊಡಬಹುದಿತ್ತು. 2022ರಲ್ಲಿ ಅದನ್ನೂ ಬಿಗಿ ಮಾಡಿದರು. ಈಗ ತೀರಾ ಅಪರೂಪದ ಸಂದರ್ಭವಾದರೆ ಮಾತ್ರ.

18 ದಾಟಿದವನ 6 ತಿಂಗಳನ್ನು ಅಮಾನತಿನಲ್ಲಿಡಲು, ಅಂದರೆ ಒಂದು ಗಡುವು ಹಾಕಿ ಜೈಲಿಗೆ ಕಳಿಸದೆ ಹೊರಗಿಡಲು, ಅವಕಾಶ ಇದೆ. ಹಾಗಂತ ಅವನನ್ನು ಸುಮ್ನೆ ಬಿಟ್ಟುಬಿಟ್ಟ ಹಾಗಲ್ಲ. ಗಡುವಿನೊಳಗೆ ಮತ್ತೆ ತಪ್ಪು ಮಾಡಿದರೆ ಆ ಜೈಲಿಗೆ ಹೋಗಬೇಕಾದೀತು ಎಂಬ ಭಯ ತಲೆಯ ಮೇಲೆ ತೂಗುತ್ತಲೇ ಇರುತ್ತದೆ. 17ರ ಹುಡುಗನಿಗೆ ಅಮಾನತು ಎಂಬುದೇ ಇಲ್ಲ. ತಪ್ಪು ಒಪ್ಪಿಕೊಂಡರೆ ಕೋರ್ಟು ಬೇರೆ ಶಿಕ್ಷೆ ಕೊಡಬಹುದು. ಹೆದರಿ ಇಲ್ಲ ಅಂದು ವಿಚಾರಣೆಯಲ್ಲಿ ಸೋತನೋ, ಆ ದಾರಿಯೂ ಮುಚ್ಚಿತು. ಚಿಕ್ಕವನಿಗೇ ಬಾಗಿಲು ಕಿರಿದು. ಇದನ್ನು ನಾನು ಒಪ್ಪುವುದಿಲ್ಲ.

ನೆನಪಿರಲಿ, ನಾವು ಮಾತಾಡುತ್ತಿರುವುದು ಶಾಲೆಯ ಚೀಲದಲ್ಲಿ ಚಾಕು ಇಟ್ಟುಕೊಂಡ ಹುಡುಗನ ಬಗ್ಗೆ. ಇರಿದವನಿಗೆ ಬೇರೆಯೇ ಕಾನೂನು, ದೊಡ್ಡ ಶಿಕ್ಷೆ. ಚೀಲದಲ್ಲಿಟ್ಟುಕೊಂಡವರಲ್ಲಿ ಎಷ್ಟೋ ಜನ ಹೆದರಿಕೆಗೆ ಇಟ್ಟುಕೊಂಡಿರುತ್ತಾರೆ. ಕೆಲವರನ್ನು ಡ್ರಗ್ಸ್ ಗ್ಯಾಂಗಿನವರು ಬೇರೆ ಊರುಗಳಿಗೆ ಮಾಲು ಸಾಗಿಸಲು ಬಳಸುತ್ತಾರೆ. ಅಂಥವನಿಗೆ ಪಕ್ಕದ ಬೀದಿಯ ಹುಡುಗರು ಹತ್ತಿರ, ಕೋರ್ಟು ಬಹಳ ದೂರ. 4 ತಿಂಗಳೋ 6 ತಿಂಗಳೋ ಅಂತ ಲೆಕ್ಕ ಹಾಕಿ ಅವನು ಮನೆಯಿಂದ ಹೊರಡುವುದಿಲ್ಲ. ಎರಡು ತಿಂಗಳು ಒಳಗಿದ್ದು ಬರುವಷ್ಟರಲ್ಲಿ ಪಾಠ ತಪ್ಪಿರುತ್ತದೆ, ಹೊಸ ಸಹವಾಸ ಸಿಕ್ಕಿರುತ್ತದೆ. ಹೆದರಿಕೆ ಮಾತ್ರ ಹಾಗೇ ಇರುತ್ತದೆ, ಅಲ್ವಾ?

ಗ್ಲ್ಯಾಸ್ಗೋ ಊರನ್ನು ನೋಡಿ. ಸ್ಕಾಟ್ಲೆಂಡಿನ ಕಾನೂನೇ ಬೇರೆ. 2005ರಲ್ಲಿ ಅಲ್ಲಿನ ಪೊಲೀಸರು ಹಿಂಸೆ ತಗ್ಗಿಸಲೆಂದೇ ಒಂದು ಘಟಕ ಶುರು ಮಾಡಿದರು. ಕ್ಯಾರಿನ್ ಮೆಕ್ಲಸ್ಕಿ, ಜಾನ್ ಕಾರ್ನಾಚನ್ ಅದನ್ನು ಕಟ್ಟಿದವರು. ಹಿಂಸೆಯನ್ನು ಅಂಟುರೋಗದಂತೆ ನೋಡಿದರು. ಗ್ಯಾಂಗ್ ಹುಡುಗರನ್ನು ಕೋರ್ಟಿನೊಳಗೆ ಕೂರಿಸಿ, ಮಗನನ್ನು ಕಳೆದುಕೊಂಡ ತಾಯಿಯ ಮಾತು ಕೇಳಿಸಿದರು. ಮುಂದುವರಿದರೆ ಬಿಡುವುದಿಲ್ಲ ಅಂದರು. ಬಿಟ್ಟು ಬರುವವರಿಗೆ ಒಂದು ಫೋನ್ ನಂಬರ್ ಕೊಟ್ಟು, ಕೆಲಸಕ್ಕೆ, ಓದಿಗೆ ನೆರವಾದರು. 2004-05ರಲ್ಲಿ ಸ್ಕಾಟ್ಲೆಂಡಿನಲ್ಲಿ 130ಕ್ಕೂ ಜಾಸ್ತಿ ಕೊಲೆಗಳಾಗಿದ್ದವು. ಈಚಿನ ವರ್ಷಗಳಲ್ಲಿ 60ಕ್ಕೂ ಕಡಿಮೆ. ಪೂರ್ತಿ ಶ್ರೇಯ ಈ ಘಟಕಕ್ಕೇ ಕೊಡಲಾರೆ. ಅಲ್ಲಿ ಪೊಲೀಸ್ ತಪಾಸಣೆಯೂ ಜೋರಾಗಿತ್ತು, ಚಾಕು ಕೇಸಿನ ಜೈಲುವಾಸವೂ ಹೆಚ್ಚಿತ್ತು. ಆದರೆ ಎದುರಿಗೆ ಕೂತ ಹುಡುಗ ಯಾರು ಅಂತ ಯಾರೋ ಒಬ್ಬರು ನೋಡಿದರು. ಜಡ್ಜಿಗೂ ಅಷ್ಟು ಅವಕಾಶ ಇರಲಿ ಎಂಬುದು ನನ್ನ ಆಸೆ.

ಮುಂದಿನ ಸಲ ಮೊಮ್ಮಗನಿಗೆ ಫೋನ್ ಮಾಡಿದಾಗ ಕೇಳಿ. ಆ ಬಸ್ಸಿನಲ್ಲಿ ಅವನಿಗೆ ಹೆದರಿಕೆಯಾಗುತ್ತಾ? ಅವನ ಜೊತೆಯವರು ಯಾರಾದರೂ ಚಾಕು ಇಟ್ಟುಕೊಳ್ಳುತ್ತಾರಾ? ಯಾಕೆ? ಅವನು ಏನು ಹೇಳಿದ ಅಂತ ನನಗೂ ಬರೆಯಿರಿ.