ಕೇಳಿದ್ದಕ್ಕೆ ಹೇಳಿದ್ದು: ಹಬ್ಬ, ಆರ್ಡರ್ರು, ಕಾರ್ಪೊರೇಟರ್ ಇಲ್ಲದ ಬೆಂಗಳೂರು

ಈ ಸಲ ಬಂದ ಪತ್ರ, ಇಮೇಲು, ವಾಟ್ಸಾಪು ಎಲ್ಲದರಲ್ಲೂ ಹಬ್ಬದ್ದೇ ಗಲಾಟೆ. ಗಣೇಶನಿಂದ ಹಿಡಿದು ನ್ಯೂ ಇಯರ್ ತನಕ ಒಂದಲ್ಲ ಒಂದು ಕೊರೊನಾ ಆರ್ಡರ್ ಮೇಲೆ ಸಿಟ್ಟು. ಹೆಸರು ಹಾಕ್ಬೇಡಿ ಅಂತ ತುಂಬಾ ಜನ ಕೇಳ್ಕೊಂಡಿದ್ದಕ್ಕೆ ಏರಿಯಾ ಮಾತ್ರ ಹಾಕಿದೀನಿ. 2021 ಶುರುವಾಗಿದೆ (ಇಲ್ಲಿರೋ ರೂಲು, ಫೈನು, ಹುದ್ದೆ ಎಲ್ಲಾ ಈ 2021ರ ಜನವರಿ ಹೊತ್ತಿನವು), ಮುಂದಿನ ವಾರ ಸಂಕ್ರಾಂತಿ, ಅಷ್ಟರೊಳಗೆ ಉತ್ತರ ಕೊಟ್ಟುಬಿಡೋಣ.

ಪ್ರಶ್ನೆ: ನಮ್ದು ಸಣ್ಣ ಹೋಟ್ಲು. ಡಿಸೆಂಬರ್ 23ಕ್ಕೆ ನೈಟ್ ಕರ್ಫ್ಯೂ ಅಂದ್ರು, ಸರಿ ಅಂತ ಇಬ್ಬರು ಹುಡುಗರನ್ನ ಊರಿಗೆ ಕಳಿಸ್ದೆ. ಮಾರನೇ ದಿನ ಕರ್ಫ್ಯೂನೇ ಇಲ್ಲ ಅಂದ್ರು. ಈ ನಷ್ಟ ಯಾರನ್ನ ಕೇಳೋದು? — ಇಂದಿರಾನಗರ

ಉತ್ತರ: ಯಾರನ್ನೂ ಕೇಳೋಕಾಗಲ್ಲ ಸ್ವಾಮಿ, ಅದೇ ಬೇಜಾರು. ಮೊದಲು ರಾತ್ರಿ 10ರಿಂದ ಬೆಳಗ್ಗೆ 6 ಅಂದ್ರು, ಅವತ್ತೇ ಅದನ್ನ ಬದಲಾಯಿಸಿ 24ರಿಂದ ಶುರು, 11ರಿಂದ 5ರವರೆಗೆ ಅಂದ್ರು, 24ನೇ ತಾರೀಕು ಇನ್ನೇನು ಶಟರ್ ಎಳೀಬೇಕು ಅನ್ನೋಷ್ಟರಲ್ಲಿ ಜನಾಭಿಪ್ರಾಯ ನೋಡಿ ವಾಪಸ್ ತಗೊಂಡಿದೀವಿ ಅಂತ ಮುಖ್ಯಮಂತ್ರಿಗಳೇ ಹೇಳಿದ್ರು. ಬ್ರಿಟನ್ನಲ್ಲಿ ಹೊಸ ತಳಿ ವೈರಸ್ ಬಂದಿದೆ ಅಂತ ಗಾಬರಿ ಆಗಿದ್ದು ನಿಜ, ಅಲ್ಲಿಂದ ಬರೋ ವಿಮಾನಗಳನ್ನ ಕೇಂದ್ರವೇ ನಿಲ್ಲಿಸ್ತು. ಆದ್ರೆ ರಾತ್ರಿ 11ರ ಮೇಲೆ ನಮ್ಮೂರ ರಸ್ತೇಲಿ ಇರೋದು ನಾಯಿ ಮತ್ತೆ ಕ್ಯಾಬು, ಅವನ್ನ ತಡೆದ್ರೆ ವೈರಸ್ ಹೇಗೆ ನಿಲ್ಲತ್ತೆ ಅಂತ ನಂಗೂ ಅರ್ಥ ಆಗ್ಲಿಲ್ಲ ಬಿಡಿ.

ಒಂದು ವಿಷಯ ಮಾತ್ರ ಹೇಳ್ತೀನಿ. ಇಂಥ ಆರ್ಡರ್ ಬಿಬಿಎಂಪಿದಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಮುಖ್ಯ ಕಾರ್ಯದರ್ಶಿಗಳ ಸಹಿ ಬಿದ್ದು ವಿಧಾನಸೌಧದಿಂದ ಹೊರಡೋದು, ಪಾಲಿಕೆ ಮತ್ತೆ ಪೊಲೀಸ್ನೋರು ಅದನ್ನ ಜಾರಿ ಮಾಡೋರು ಅಷ್ಟೇ. ಅದಕ್ಕೇ ಅಂಗಡಿ ಮುಂದೆ ಬಂದ ಕಾನ್ಸ್‌ಟೇಬಲ್ ಹತ್ರ ಜಗಳ ಆಡಿ ಉಪಯೋಗ ಇಲ್ಲ. ಮುಂದಿನ ಸಲ ಟಿವೀಲಿ ಕೆಂಪು ಪಟ್ಟಿ ಓಡ್ತಿದ್ದಂಗೆ ಹುಡುಗರಿಗೆ ಬಸ್ ಹತ್ತಿಸ್ಬೇಡಿ, ನಂಬರು ತಾರೀಕು ಸಹಿ ಇರೋ ಕಾಪಿ ಬರೋ ತನಕ ಕಾಯಿರಿ, ಸ್ಟೇಷನ್‌ಗೆ ಹೋಗಿ ಒಂದು ಮಾತು ಕೇಳಿ. ಡಿಸೆಂಬರ್ 31ಕ್ಕೆ 144 ಅಂತ ನಿಷೇಧಾಜ್ಞೆ ಹಾಕಿದ್ರಲ್ಲ, ಎಂ.ಜಿ. ರೋಡು ಬ್ರಿಗೇಡ್ ರೋಡಲ್ಲಿ ಬ್ಯಾರಿಕೇಡ್ ಹಾಕಿ ಜನ ಸೇರದಂಗೆ ಮಾಡಿದ್ರಲ್ಲ, ಅದು ಪೊಲೀಸ್ ಕಮಿಷನರ್ ಕಡೆಯಿಂದ ಬಂದಿದ್ದು, ಮೊದಲೇ ಹೇಳಿದ್ರು, ಹೇಳಿದಂಗೇ ಆಯ್ತು. ಯಾರೂ ಅಷ್ಟಾಗಿ ಗೊಣಗ್ಲಿಲ್ಲ ನೋಡಿ.

ಪ್ರಶ್ನೆ: ನಮ್ಮ ಬೀದೀಲಿ ಯುಜಿಡಿ (ಒಳಚರಂಡಿ) ತುಂಬಿ ಹರೀತಿದೆ, ಎರಡು ಲೈಟು ಉರಿಯಲ್ಲ. ಮುಂಚೆ ಕಾರ್ಪೊರೇಟರ್ ಮನೆ ಮುಂದೆ ಹೋಗಿ ನಿಲ್ತಿದ್ವಿ. ಈಗ ಅವರು "ನಾನು ಮಾಜಿ ಕಣಮ್ಮಾ" ಅಂತಾರೆ. ಹಾಗಾದ್ರೆ ಹಾಲಿ ಯಾರು? — ಶ್ರೀನಗರ

ಉತ್ತರ: ಹಾಲಿ ಯಾರೂ ಇಲ್ಲಮ್ಮ. 2020 ಸೆಪ್ಟೆಂಬರ್ 10ಕ್ಕೆ ಕೌನ್ಸಿಲ್ ಅವಧಿ ಮುಗೀತು, 198 ವಾರ್ಡಿನ ಕಾರ್ಪೊರೇಟರ್‌ಗಳೂ ಒಂದೇ ದಿನ ಮಾಜಿ ಆದ್ರು, ಮೇಯರ್ ಗೌತಮ್ ಕುಮಾರ್ ಸಮೇತ. ಆಮೇಲೆ ಐಎಎಸ್ ಅಧಿಕಾರಿ ಗೌರವ್ ಗುಪ್ತಾ ಅವರನ್ನ ಆಡಳಿತಾಧಿಕಾರಿ ಅಂತ ಕೂರಿಸಿದ್ರು, ಕಮಿಷನರ್ ಆಗಿ ಮಂಜುನಾಥ ಪ್ರಸಾದ್ ಅವರು ಆಗ ಇದ್ದೇ ಇದ್ರು. ಎಲೆಕ್ಷನ್ ಕಥೆ ಏನಂದ್ರೆ, ವಾರ್ಡನ್ನ 243 ಮಾಡ್ತೀವಿ, ಆಮೇಲೆ ಎಲೆಕ್ಷನ್ ಅಂತ ಸರ್ಕಾರ. ಇರೋ 198ಕ್ಕೇ ಬೇಗ ಮಾಡಿ ಅಂತ ಡಿಸೆಂಬರ್ 4ಕ್ಕೆ ಹೈಕೋರ್ಟು. ಡಿಸೆಂಬರ್ 18ಕ್ಕೆ ಅದಕ್ಕೆ ಸುಪ್ರೀಂ ಕೋರ್ಟು ತಡೆ. ಈ ನಡುವೆ ಬೆಂಗಳೂರಿಗೇ ಬೇರೆ ಬಿಬಿಎಂಪಿ ಕಾಯ್ದೆ ಕೂಡ ವಿಧಾನಮಂಡಲದಲ್ಲಿ ಪಾಸಾಗಿದೆ. ಅಂದ್ರೆ ಸದ್ಯಕ್ಕಂತೂ ಎಲೆಕ್ಷನ್ ಆಸೆ ಇಟ್ಕೋಬೇಡಿ. ಇದೇ ಕೊರೊನಾ ಟೈಮಲ್ಲೇ ಡಿಸೆಂಬರ್ 22 ಮತ್ತೆ 27ಕ್ಕೆ ರಾಜ್ಯದ ತುಂಬ ಗ್ರಾಮ ಪಂಚಾಯ್ತಿ ಎಲೆಕ್ಷನ್ ಮಾಡಿ ಮುಗಿಸಿದ್ರು ಅನ್ನೋದನ್ನ ಮಾತ್ರ ನೆನಪಿಟ್ಕೊಳ್ಳಿ. ಹಳ್ಳೀಲಿ ಕ್ಯೂ ನಿಂತ್ರೆ ಬರದ ಕೊರೊನಾ ಬೆಂಗಳೂರಲ್ಲಿ ಬರತ್ತಾ?

ಈಗ ನಿಮ್ಮ ಕೆಲಸದ ವಿಷಯ. ಯುಜಿಡಿ ಜಲಮಂಡಳಿದು, ಪಾಲಿಕೆಗೆ ಎಷ್ಟು ಹೇಳಿದ್ರೂ "ನಮ್ದಲ್ಲ" ಅಂತಾರೆ. ಬೀದಿ ದೀಪ ಪಾಲಿಕೆದು, ಮನೆ ಕರೆಂಟು ಬೆಸ್ಕಾಂದು, ಅದಕ್ಕೆ 1912. ದೀಪಕ್ಕೆ ಪಾಲಿಕೆಯ 'ಸಹಾಯ' ಅನ್ನೋ ಆ್ಯಪಲ್ಲಿ ಫೋಟೊ ಸಮೇತ ದೂರು ಹಾಕಿ, ನಂಬರ್ ಬರತ್ತೆ, ಆ ನಂಬರ್ ಇಟ್ಕೊಂಡು ವಾರ್ಡ್ ಇಂಜಿನಿಯರ್ ಆಫೀಸಿಗೆ ಹೋಗಿ. ನಂಬರ್ ಇಲ್ದೆ ಹೋದ್ರೆ "ನೋಡೋಣ ಮೇಡಂ", ನಂಬರ್ ಇದ್ರೆ ಕೊನೇ ಪಕ್ಷ ರಿಜಿಸ್ಟರ್ ತೆಗೀತಾರೆ. ಆಡಳಿತಾಧಿಕಾರಿ ಬಂದ್ಮೇಲೆ ವಾರ್ಡಿಗೊಬ್ರು ನೋಡಲ್ ಅಧಿಕಾರಿ ಅಂತಲೂ ಇದ್ದಾರೆ, ಅವರ ಹೆಸರು ಕೇಳಿ ಬರ್ಕೊಳ್ಳಿ. ನಾಲ್ಕೈದು ಮನೆಯವರು ಒಟ್ಟಿಗೆ ಹೋಗಿ, ಒಬ್ರೇ ಹೋಗ್ಬೇಡಿ. ಮಾಜಿಗಳನ್ನೂ ಬಿಡ್ಬೇಡಿ, ಮತ್ತೆ ಟಿಕೆಟ್ ಬೇಕಲ್ಲ ಅವರಿಗೆ, ಒಂದು ಫೋನ್ ಆದ್ರೂ ಮಾಡ್ತಾರೆ.

ಪ್ರಶ್ನೆ: ವಾರ್ಡಿಗೊಂದೇ ಗಣೇಶ ಅಂದಿದ್ರಲ್ಲ, ಅದು ಯಾವ ಸೀಮೆ ರೂಲು ಸಾರ್? ನಮ್ಮ ವಾರ್ಡಲ್ಲಿ ಹತ್ತಾರು ಸಂಘ ಇದೆ. — ಚಾಮರಾಜಪೇಟೆ

ಉತ್ತರ: ಮೊದಲು ಬರೀ ಮನೇಲಿ ಮಾತ್ರ ಅಂದಿದ್ರು ಕಣಪ್ಪ, ಒತ್ತಡ ಬಂದ್ಮೇಲೆ ವಾರ್ಡಿಗೊಂದು, ಬೀದೀಲಿ ಆದ್ರೆ 4 ಅಡಿ, ಮನೇಲಿ 2 ಅಡಿ, ಒಂದು ಸಲಕ್ಕೆ 20 ಜನ ಅಂತ ಆಯ್ತು. ಆ ಒಂದು ಯಾವ ಸಂಘಕ್ಕೆ ಅಂತ ತೀರ್ಮಾನ ಮಾಡೋದೇ ದೊಡ್ಡ ತಲೆನೋವು. ಆದ್ರೂ ಒಂದು ಲಾಭ ಆಯ್ತು ಅನ್ನಿ: ಕೆರೆಗೆ ಬಿಡಂಗಿಲ್ಲ ಅಂದಿದ್ದಕ್ಕೆ ಜನ ಬಕೆಟ್ಟಲ್ಲೇ ಮಣ್ಣಿನ ಗಣೇಶನ್ನ ಬಿಟ್ರು, ಕರಗಿದ ಮಣ್ಣನ್ನ ತುಳಸಿ ಕುಂಡಕ್ಕೆ ಹಾಕಿದ್ರು.

ಪ್ರಶ್ನೆ: ನಮ್ಮ ದಸರಾನ ಅರಮನೆ ಒಳಗೇ ಮುಗಿಸ್ಬಿಟ್ರು. ಬೆಂಗಳೂರಿನವರಿಗೆ ಇದರ ನೋವು ಗೊತ್ತಾ? — ಮೈಸೂರು, ಅಗ್ರಹಾರ

ಉತ್ತರ: ಗೊತ್ತು. ಟಿವೀಲೇ ನೋಡಿದ್ವಿ ನಾವೂನು. ಅಕ್ಟೋಬರ್ 26ಕ್ಕೆ ಆನೆ ಅಭಿಮನ್ಯು ಮೊದಲ ಸಲ 750 ಕೆಜಿ ಅಂಬಾರಿ ಹೊತ್ತ, ಅದನ್ನ ನೋಡೋಕೆ ಬರೀ 300 ಜನಕ್ಕೆ ಪರ್ಮಿಷನ್ನು. ಬನ್ನಿಮಂಟಪದ ತನಕ ರಸ್ತೆ ಎರಡೂ ಕಡೆ, ಮರದ ಮೇಲೆ, ಮಹಡಿ ಮೇಲೆ ಜನ ಇರ್ಬೇಕಾದ ದಿನ ಅರಮನೆ ಅಂಗಳದಲ್ಲಿ ಒಂದು ಸುತ್ತು. ಆದ್ರೆ ಉದ್ಘಾಟನೆಗೆ ಜಯದೇವ ಹೃದ್ರೋಗ ಆಸ್ಪತ್ರೆಯ ಡಾಕ್ಟರ್ ಸಿ.ಎನ್. ಮಂಜುನಾಥ್ ಅವರನ್ನ ಕರೆದಿದ್ದು ಆ ವರ್ಷಕ್ಕೆ ತಕ್ಕ ಆಯ್ಕೆ. ಜನ ಕಮ್ಮಿ ಮಾಡಿದ್ದೂ ಸರಿನೇ, ಆಗ ಕೇಸು ಇದ್ದ ರೀತಿಗೆ ಬೇರೆ ದಾರಿ ಇರ್ಲಿಲ್ಲ. ನಂಗೆ ಬೇಜಾರಾಗಿದ್ದು ಟಾಂಗಾದವರ, ಬಲೂನ್ ಮಾರೋರ ಬಗ್ಗೆ, ಅವರಿಗೆ ವರ್ಷದ ದುಡಿಮೆನೇ ಆ ಹತ್ತು ದಿನ. ಏನೇ ಆಗ್ಲಿ, ನಿಮ್ಮೂರಿಗೆ ಆಗ ಮೇಯರ್ ಆದ್ರೂ ಇದ್ರು.

ಪ್ರಶ್ನೆ: ಮಾಸ್ಕ್ ಫೈನ್ 250ಆ, 1000ಆ? ಕಾರಲ್ಲಿ ಒಬ್ನೇ ಇದ್ರೂ ಹಾಕ್ಬೇಕಾ? — ಜೆ.ಪಿ. ನಗರ

ಉತ್ತರ: 2021ರ ಜನವರಿ ಹೊತ್ತಿಗೆ 250. ಅಕ್ಟೋಬರಲ್ಲಿ ಸಿಟೀಲಿ 1000 ಮಾಡಿದ್ರು, ಜನ ಬೈದಿದ್ದಕ್ಕೆ ಒಂದೇ ವಾರದಲ್ಲಿ ಇಳಿಸಿದ್ರು. ಕಾರಲ್ಲಿ ಒಬ್ರೇ ಇದ್ರೂ, ಗ್ಲಾಸ್ ಏರಿಸಿದ್ರೂ ಹಾಕ್ಬೇಕು ಅಂತ ಪಾಲಿಕೆ ಆಗ ಹೇಳಿತ್ತು. ಗಲ್ಲಕ್ಕೆ ಹಾಕಿದ್ದು ಮಾಸ್ಕ್ ಅಲ್ಲ. ದುಡ್ಡು ಕಟ್ಟಿದ್ರೆ ರಸೀದಿ ಇಸ್ಕೊಳ್ಳಿ.

ಪ್ರಶ್ನೆ: ಕಡಲೆಕಾಯಿ ಪರಿಷೆ ಇಲ್ಲ ಅಂದ್ರು, ಮಾಲ್ ಮಾತ್ರ ತುಂಬಿ ತುಳುಕ್ತಿತ್ತು. ಬಸವಣ್ಣನಿಗೆ ಮಾತ್ರ ಕೊರೊನಾನಾ? — ಬಸವನಗುಡಿ

ಉತ್ತರ: ಒಳ್ಳೇ ಪ್ರಶ್ನೆ, ಇದಕ್ಕೆ ನನ್ನ ಹತ್ರ ಸಮಾಧಾನದ ಉತ್ತರ ಇಲ್ಲ. ಕೊನೇ ಕಾರ್ತಿಕ ಸೋಮವಾರ ದೇವಸ್ಥಾನದಲ್ಲಿ ಪೂಜೆ ಆಯ್ತು, ಜಾತ್ರೆ ಇಲ್ಲ. ಬುಲ್ ಟೆಂಪಲ್ ರೋಡಲ್ಲಿ ಜನ ಹೇಗೆ ಒತ್ತರಿಸ್ಕೊಂಡು ಹೋಗ್ತಾರೆ ಅಂತ ನಿಮಗೆ ಹೇಳ್ಬೇಕಾ, ಬೇಡ ಅಂದಿದ್ದು ತಪ್ಪಲ್ಲ. ಆದ್ರೆ ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ, ತಮಿಳುನಾಡಿನಿಂದ ಮೂಟೆ ಹೊತ್ಕೊಂಡು ಬರೋ ರೈತರಿಗೆ ಬೇರೆ ಜಾಗ ತೋರಿಸ್ಬೋದಿತ್ತಲ್ಲ? ನ್ಯಾಷನಲ್ ಕಾಲೇಜ್ ಮೈದಾನ ಹತ್ರದಲ್ಲೇ ಇದೆ, ದೂರ ದೂರ ಗುರುತು ಹಾಕಿ ಕೂರಿಸ್ಬೋದಿತ್ತು, ಲಾಕ್‌ಡೌನಲ್ಲಿ ತರಕಾರಿ ಮಾರ್ಕೆಟ್ಟುಗಳನ್ನ ಮೈದಾನಕ್ಕೆ ಕಳಿಸಿದ ಊರು ತಾನೇ ಇದು. ಇಂಥ ಟೈಮಲ್ಲೇ ಕಾರ್ಪೊರೇಟರ್ ಬೇಕಾಗೋದು. ಹಸಿ ಕಡಲೆಕಾಯಿ ಸೇರಿಗೆಷ್ಟು, ಮೂಟೆ ಉಳಿದ್ರೆ ಬೂಸಲು ಹಿಡಿಯತ್ತಾ ಅನ್ನೋದು ಆ ಏರಿಯಾದಲ್ಲಿ ಹುಟ್ಟಿ ಬೆಳೆದವನಿಗೆ ಗೊತ್ತಿರತ್ತೆ, ಫೈಲ್ ನೋಡೋರಿಗೆ ಗೊತ್ತಿರಲ್ಲ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನವರು ಸಂಕ್ರಾಂತಿಗೆ ಎಳ್ಳು ಬೀರಂಗಿಲ್ಲ, ಕೆಲಸದವರೂ ಮೂರು ದಿನ ಬರಂಗಿಲ್ಲ ಅಂತ ನೋಟೀಸ್ ಹಾಕಿದ್ದಾರೆ. ಇದು ಸರ್ಕಾರದ ರೂಲಾ? — ಬನಶಂಕರಿ

ಉತ್ತರ: ಅಲ್ಲ ತಾಯಿ, ಸರ್ಕಾರ ಹಾಗೇನೂ ಹೇಳಿಲ್ಲ. ಜನವರಿ 1ರಿಂದ ಎಸ್ಸೆಸ್ಸೆಲ್ಸಿ, ಸೆಕೆಂಡ್ ಪಿಯುಸಿ ಮಕ್ಕಳನ್ನೇ ಕ್ಲಾಸಿಗೆ ಕರೆಸಿದ್ದಾರೆ, ನಿಮ್ಮ ಎಳ್ಳಿಗೆ ಏನು ಅಡ್ಡಿ? ಕೆಲಸದವರ ವಿಷಯದಲ್ಲಂತೂ ನಾನು ಖಂಡಿತ ನಿಮ್ಮ ಅಸೋಸಿಯೇಷನ್ ಕಡೆ ಇಲ್ಲ. ಮಾರ್ಚಿಂದ ಗೇಟ್ ಹೊರಗೆ ನಿಂತು ಸಂಬಳ ಕಳ್ಕೊಂಡವರು ಅವರೇ, ಈಗ ಹಬ್ಬದ ದಿನ ಸೀರೆ, ಇನಾಮು ಸಿಗೋ ಟೈಮಲ್ಲಿ ಮತ್ತೆ ಹೊರಗಿಡೋದು ಅನ್ಯಾಯ. ಫ್ಲಾಟಿನವರು ಮಾಲ್‌ಗೆ ಹೋಗಿ ಬರ್ತಾರಲ್ಲ, ಅವರಿಗಿಲ್ಲದ ರೂಲು ಇವರಿಗ್ಯಾಕೆ ಅಂತ ಮೀಟಿಂಗಲ್ಲಿ ಕೇಳಿ, ಯಾವ ಆರ್ಡರ್ ನಂಬರ್ ಪ್ರಕಾರ ಈ ನೋಟೀಸ್ ಅಂತ ಬರವಣಿಗೇಲಿ ಕೊಡಿ ಅನ್ನಿ, ಅಲ್ಲಿಗೆ ಮುಕ್ಕಾಲು ಪಾಲು ಮುಗಿಯತ್ತೆ. ಎಳ್ಳು ಬೀರೋದಕ್ಕೆ ತಟ್ಟೆ ಹಿಡ್ಕೊಂಡು ಎಲ್ಲಾರ ಮನೆ ಒಳಗೆ ಹೋಗಿ ಕೂರೋದು ಬೇಡ, ವಯಸ್ಸಾದವರಿದ್ದಾರೆ. ಎಳ್ಳು ಬೆಲ್ಲ ಕೊಬ್ರಿ ಸಕ್ಕರೆ ಅಚ್ಚು ಎಲ್ಲಾ ಮೊದಲೇ ಸಣ್ಣ ಕವರಲ್ಲಿ ಕಟ್ಟಿ, ಕಬ್ಬಿನ ತುಂಡು ಬೇರೆ ಇಟ್ಟು, ಬಾಗಿಲಲ್ಲೇ ಕೊಟ್ಟು ಬನ್ನಿ. ಸೆಕ್ಯುರಿಟಿಯವರಿಗೆ, ಬೆಳಗ್ಗೆ ಕಸದ ಆಟೋ ಜೊತೆ ಬರೋ ಪೌರಕಾರ್ಮಿಕರಿಗೂ ಒಂದೊಂದು ಕವರ್ ಎತ್ತಿಡಿ, ಆಟೋ ಏಳು ಗಂಟೆಗೇ ಬಂದು ಹೋಗತ್ತೆ, ಹಿಂದಿನ ರಾತ್ರಿನೇ ಕಟ್ಟಿಟ್ಕೊಂಡ್ರೆ ಒಳ್ಳೇದು.